ಕಂಡಕ್ಟರನ ಹಲ್ಲು ಉಜ್ಜಿದ್ದು

ಭಾನುವಾರ, ಹನ್ನೊಂದನೇ ತಾರೀಕು
ಮಧ್ಯಾಹ್ನ

ಮಗಳೇ,

ನೀನೂ ಅಳಿಯಂದಿರೂ ಪುಟ್ಟಿಯೂ ಚೆನ್ನಾಗಿದ್ದೀರಿ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ಪುಟ್ಟಿಯ ಉಬ್ಬಸ ಕಡಿಮೆಯಾಯಿತೇ? ನಾನು ಇಲ್ಲಿ ಇದ್ದ ಹಾಗೇ ಇದ್ದೇನೆ. ನಿನ್ನ ಕಾಗದ ಬಂದು ಒಂಬತ್ತು ವಾರವಾಯಿತು. ಒಂಬತ್ತು ವಾರ ಉತ್ತರ ಬರೆಯದ ತಾಯಿಗೆ ಏನನ್ನಬೇಕೋ ಅದನ್ನೆಲ್ಲ ನೀನು ಮನಸ್ಸಿನಲ್ಲೇ ಅಂದು ಮುಗಿಸಿರುತ್ತೀಯ. ಮತ್ತೆ ಕ್ಷಮೆ ಕೇಳಿ ಹಾಳೆ ತುಂಬಿಸುವುದಿಲ್ಲ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಕಾಗದ ಹಾಕ್ತೀನಿ" ಎಂದು ಇಟ್ಟುಬಿಡುತ್ತಿದ್ದೆ. ನಿಮ್ಮಪ್ಪ ಬಸ್ಸಿನ ಕೆಲಸದಲ್ಲಿ ನೈಟ್ ಹಾಲ್ಟ್ ಮಾಡಿದ ಕಡೆಯಿಂದೆಲ್ಲ ಎರಡು ಸಾಲಿನ ಕಾರ್ಡು ಹಾಕುತ್ತಿದ್ದರಲ್ಲ, ಅದೇ ಅಭ್ಯಾಸ ನನಗೂ. ಫೋನು ಕಿವಿಗಿಟ್ಟರೆ ಬಾಯಿ ಕಟ್ಟಿಹೋಗುತ್ತದೆ.

ನೀನು ಎರಡು ಮಾತು ಕೇಳಿದ್ದೆ. ಒಂದು, ನಾನು ಯಾವಾಗ ಹೊರಟು ಬರುತ್ತೇನೆ ಎಂದು. ನಾನು ಹೂಂ ಅಂದ ಕೂಡಲೇ ಅಳಿಯಂದಿರು ಕಾರು ತರುತ್ತಾರೆ, ಪುಟ್ಟಿಗೆ ನಾಯಿಯ ಕೂದಲು ಆಗುವುದಿಲ್ಲವಾದ್ದರಿಂದ ಕಂಡಕ್ಟರನನ್ನು ಅವರ ಸ್ನೇಹಿತರ ಗೋದಾಮಿನಲ್ಲಿ ಬಿಡಬಹುದು, ಅಲ್ಲಿ ಕಾವಲಿಗೆ ನಾಯಿ ಬೇಕಾಗಿದೆ ಎಂದು ನೀನು ಬರೆದಿದ್ದೆ. ಎರಡನೆಯದು ಕೊನೆಯ ಸಾಲಿನಲ್ಲಿತ್ತು. ಆ ಸಾಲು ಒಳಗೆ ಬರುವ ಹಾಗೆ ಕಾಗದವನ್ನು ಮಡಿಚಿಟ್ಟಿದ್ದೇನೆ. ಮೊದಲನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಅದಕ್ಕೆ ಕಂಡಕ್ಟರನ ಹಲ್ಲಿನ ವಿಷಯ ಹೇಳಬೇಕು. ನಗಬೇಡ.

ಎರಡು ತಿಂಗಳ ಹಿಂದೆ ಅದು ರಸ್ಕು ಕಚ್ಚಿ ಕೆಳಗೆ ಹಾಕಲು ಶುರುಮಾಡಿತು. ಎತ್ತಿ ನೋಡಿದರೆ ರಸ್ಕಿನ ಮೇಲೆ ರಕ್ತದ ಗೀರು. ಬಾಯಿಯ ವಾಸನೆಗೆ ಹತ್ತಿರ ಕೂರಲು ಆಗುತ್ತಿರಲಿಲ್ಲ. ಎರಡು ಬೀದಿ ಆಚೆಗಿನ ನಾಯಿ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನವಳು, ತೋಳು ಮಡಿಚಿ ನಿಂತರೆ ಮೆಕ್ಯಾನಿಕ್ಕಿನ ಹಾಗೆ ಕಾಣುತ್ತಾಳೆ.

"ಎಷ್ಟು ವರ್ಷ ಇದಕ್ಕೆ?"

"ಹತ್ತು."

"ಹೆಸರು?"

"ಕಂಡಕ್ಟರ್."

ಪೆನ್ನು ಕೆಳಗಿಟ್ಟಳು. "ಯಾಕೆ, ಟಿಕೆಟ್ ಹರೀತಾನಾ?"

"ನಮ್ಮನೆಯವರು ಬಸ್ ಡ್ರೈವರ್ ಆಗಿದ್ರು. ಇದು ಮೂರು ಹೊತ್ತೂ ಬಾಗಿಲಲ್ಲೇ ನಿಂತಿರುತ್ತೆ. ಅದಕ್ಕೆ ಅವರೇ ಇಟ್ಟಿದ್ದು."

ತುಟಿ ಎತ್ತಿ ನೋಡಿದಳು, ಎದೆಗೆ ಕೊಳವೆ ಇಟ್ಟು ಕೇಳಿದಳು. ಅವಳ ನಗು ಹೋಯಿತು. "ಒಸಡೆಲ್ಲಾ ಕೊಳೀತಾ ಇದೆ ಅಮ್ಮಾ. ಹಲ್ಲು ಕೀಳ್ಬೇಕು ಅಂದ್ರೆ ಮಂಪರು ಕೊಡ್ಬೇಕು. ಇದರ ಎದೆಬಡಿತ ಸರಿಯಾಗಿಲ್ಲ, ಕೊಟ್ರೆ ಮತ್ತೆ ಏಳುತ್ತೆ ಅಂತ ನಾನು ಮಾತು ಕೊಡಲ್ಲ. ಹಾಗೇ ಬಿಟ್ರೆ ನಂಜು ರಕ್ತಕ್ಕೆ ಇಳಿಯುತ್ತೆ. ಮಾತ್ರೆ ಬರ್ಕೊಡ್ತೀನಿ. ಅದರ ಜೊತೆಗೆ ಆರು ವಾರ, ದಿನಾ ಬೆಳಿಗ್ಗೆ ಹಲ್ಲುಜ್ಜಿ. ಒಸಡು ಗಟ್ಟಿಯಾದ್ರೆ ಕೀಳೋ ಮಾತೇ ಇಲ್ಲ."

"ಯಾರು ಉಜ್ಜಬೇಕು?"

"ಅದಕ್ಕೆ ಕೈ ಇದೆಯಾ?"

ಇದು ನಿಮ್ಮಪ್ಪನ ನಾಯಿ ಎಂದು ನಿನಗೆ ಗೊತ್ತು. ನಾನು ಅದಕ್ಕೆ ತಟ್ಟೆ ಇಟ್ಟವಳೇ ಹೊರತು ತಲೆ ಸವರಿದವಳಲ್ಲ. ನಾನು ಹೊಲಿಯುವ ಕೋಟಿನ ಮೇಲೆ ಕೂದಲು ಬಿತ್ತೆಂದು ದಿನಾ ಜಗಳ. ಕೆಮ್ಮು ಜಾಸ್ತಿಯಾದ ಮೇಲೆ ನಿಮ್ಮಪ್ಪ ನಾಲ್ಕೈದು ಸಲ ಕೇಳಿದ್ದರು: "ಇವಳೇ, ನಾನಿಲ್ದೇ ಹೋದ್ರೆ ಇದನ್ನ ಸಾಕ್ತೀಯಾ?" ನಾನು "ಮೊದ್ಲು ಗುಳಿಗೆ ನುಂಗಿ" ಎನ್ನುತ್ತಿದ್ದೆ. ಒಂದು ಸಲವೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಡಾಕ್ಟರಮ್ಮನ ಕಡೆಯಿಂದ ವಾಪಸು ಬರುವಾಗ ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಒಂದು ಯೋಚನೆ ಬಂತು. ನಿನಗೆ ಹೇಳಬೇಕು. ಏನೂ ಮಾಡದೆ ಬಿಟ್ಟರೆ ಇದು ತಾನಾಗಿಯೇ ಹೋಗುತ್ತದೆ, ಆಮೇಲೆ ನಾನು ಬೀಗ ಹಾಕಿ ಹೊರಡಬಹುದು, ಯಾರೂ ಏನೂ ಅನ್ನುವುದಿಲ್ಲ ಎಂದು. ಎರಡನೇ ಮಹಡಿಯ ತಿರುವಿನಲ್ಲಿ ಅಲ್ಲೇ ಕೂತುಬಿಟ್ಟೆ. ಅದೂ ಪಕ್ಕದಲ್ಲಿ ಕೂತಿತು. ಇನ್ನೊಂದು ಜೀವವನ್ನು ನನ್ನ ಕೈಯಿಂದ ಕಳಿಸಲು ನನಗೆ ಆಗುವುದಿಲ್ಲ ಎಂದುಕೊಂಡೆ.

ಆ ಯೋಚನೆ ಸುಮ್ಮನೆ ಬಂದದ್ದಲ್ಲ. ನಿಮ್ಮಪ್ಪ ಹೋದ ಈ ಎಂಟು ತಿಂಗಳಿಂದ ನಾನು ಹೇಗಿದ್ದೇನೆಂದು ನಿನಗೆ ಪೂರ್ತಿ ಹೇಳಿಲ್ಲ. ನಾನು ಒಬ್ಬಳೇ ಚಪ್ಪಲಿ ಮೆಟ್ಟಿದರೆ ಕಂಡಕ್ಟರ್ ಬಾಗಿಲಿಗೆ ಅಡ್ಡ ಮಲಗುತ್ತದೆ. ದಾಟಿ ಹೋದರೆ, ಮೊದಲ ಮಹಡಿ ಇಳಿಯುವಷ್ಟರಲ್ಲಿ ಊಳಿಡಲು ಶುರು. ಎದುರುಮನೆಯ ಲೆಕ್ಕದ ಮೇಷ್ಟ್ರು ಬಾಗಿಲು ತೆರೆದು ನಿಲ್ಲುತ್ತಾರೆ. "ತಾಯೀ, ನೀವು ಬ್ರೆಡ್ಡು ತರೋಕೆ ಹೋದ್ರೆ ನಮಗೆ ಶೋಕಾಚರಣೆ" ಎನ್ನುತ್ತಾರೆ. ಬ್ರೆಡ್ಡನ್ನು ಈಗ ಅವರೇ ತಂದುಕೊಡುತ್ತಾರೆ. ಹೊಲಿಗೆ ಕೆಲಸಕ್ಕೆ ಅಂಗಡಿಗೆ ಹೋಗುವುದೂ ನಿಂತಿತು. ಟೈಲರ್ ಅಂಗಡಿಯ ಕತ್ತರಿಯಣ್ಣ ಒಳ್ಳೆಯವನು. ಗುಂಡಿಗೆ ಕಾಜಾ ಹಾಕಬೇಕಾದ ಕೋಟುಗಳನ್ನು ಕಿಟಕಿಯ ಕೆಳಗೆ ತಂದು ಕೂಗುತ್ತಾನೆ, ನಾನು ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಡುತ್ತೇನೆ. ಬೆಳಿಗ್ಗೆ ಎರಡು ಕೋಟು ಮೇಲೆ, ಸಾಯಂಕಾಲ ಎರಡು ಕೋಟು ಕೆಳಗೆ. ಎಂಟು ತಿಂಗಳಲ್ಲಿ ಊರೆಲ್ಲ ಓಡಾಡಿದ್ದು ನಾನಲ್ಲ, ನಾನು ಹೊಲಿದ ತೂತುಗಳು.

ಈ ಎರಡು ಕೋಣೆಯೊಳಗೆ ಎಷ್ಟು ಹೆಜ್ಜೆ ಎಂದು ಎಣಿಸಿದ್ದೇನೆ. ಒಲೆಯಿಂದ ಕಿಟಕಿಗೆ ಒಂಬತ್ತು, ಕಿಟಕಿಯಿಂದ ಮಂಚಕ್ಕೆ ಐದು, ಮಂಚದಿಂದ ಬಾಗಿಲಿಗೆ ಹದಿಮೂರು, ಬಾಗಿಲಲ್ಲಿ ನಾಯಿ.

ಇನ್ನೊಂದಿದೆ, ಹೇಳಲು ನಾಚಿಕೆ. ನನ್ನ ಹಲ್ಲನ್ನೂ ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಬೆರಳಿನಲ್ಲಿ ಉಜ್ಜುತ್ತೇನೆ. ನನ್ನ ಕೈಯಲ್ಲಿ ಬ್ರಷ್ ಕಂಡರೆ ಅದಕ್ಕೆ ಹುಚ್ಚು ಹಿಡಿದ ಹಾಗಾಗುತ್ತದೆ. ಯಾಕೆ ಎಂದು ಗೊತ್ತಿರಲಿಲ್ಲ. ಅಂಥ ನಾಯಿಯ ಹಲ್ಲಿಗೆ ಬ್ರಷ್ ಹಾಕಬೇಕಿತ್ತು ನಾನು.

ಮೊದಲ ವಾರ ಬರೀ ತುಟಿ ಮುಟ್ಟಬೇಕು ಎಂದಿದ್ದಳು ಡಾಕ್ಟರಮ್ಮ. ಕೋಳಿ ಬೇಯಿಸಿದ ನೀರಿಗೆ ಬೆರಳು ಅದ್ದಿ ಮೂಗಿನ ಮುಂದೆ ಹಿಡಿದು ಕೂತೆ. ನೆಕ್ಕಿತು. ತುಟಿಯ ಅಂಚು ಮುಟ್ಟಿದೆ, ಮುಖ ತಿರುಗಿಸಿತು. ಅಷ್ಟೇ ಒಂದು ದಿನದ ಪಾಠ. ಎರಡನೇ ವಾರ ತುಟಿಯೊಳಗೆ ಬೆರಳು. ಒಸಡು ಬಿಸಿಯಾಗಿ, ಮೆತ್ತಗೆ, ನೆನೆದ ಬ್ರೆಡ್ಡಿನ ಹಾಗಿತ್ತು. ಅದಕ್ಕೆ ನೋವಾಗಿ ಹಿಂದೆ ಸರಿದರೆ ಬೆರಳು ತೆಗೆದು ಮತ್ತೆ ಕೋಳಿ ನೀರಿಗೆ ಅದ್ದುತ್ತಿದ್ದೆ. ಮೂರನೇ ವಾರ ಹಳೆಯ ಟವೆಲಿನ ತುಂಡು ಕತ್ತರಿಸಿ ಬೆರಳಿಗೆ ಸರಿಯಾಗಿ ಕೂರುವ ಒಂದು ಟೋಪಿ ಹೊಲಿದೆ, ಒಳಗೆ ಹೊಲಿಗೆ ಚುಚ್ಚದ ಹಾಗೆ ಮಗುಚಿ. ನಲವತ್ತು ವರ್ಷದ ಸೂಜಿ ಕೆಲಸದಲ್ಲಿ ನಾಯಿಗೆಂದು ಹೊಲಿದದ್ದು ಅದೇ ಮೊದಲು. ಕಿಟಕಿಯಿಂದ ಇಳಿಬಿಟ್ಟು ಕತ್ತರಿಯಣ್ಣನಿಗೆ ತೋರಿಸಿದೆ. "ಅಕ್ಕಾ, ಇದಕ್ಕೂ ಒಂದು ಕಾಜಾ ಹಾಕಿಬಿಡು" ಎಂದ.

ದಿನದ ಸಂಗತಿಯನ್ನೆಲ್ಲ ನಿಮ್ಮಪ್ಪನ ಟ್ರಿಪ್ ಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಬರೆದಿಡುತ್ತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ನಿನಗೆ ಗೊತ್ತಲ್ಲ. "ಇವತ್ತು ಎಡಗಡೆ ಮೂರು ಹಲ್ಲು. ಬಲಗಡೆ ಬಿಡಲಿಲ್ಲ." "ಇವತ್ತು ಏನೂ ಇಲ್ಲ. ಇಬ್ಬರೂ ಸುಮ್ಮನೆ ಕೂತೆವು." ಹೀಗೆ.

ತೊಂದರೆ ಏನೆಂದರೆ, ಮುಗಿಯಿತು ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಇನ್ನೂ ಎಷ್ಟು ಹೊತ್ತು ಎಂದು ಗೊತ್ತಾಗದೆ ದವಡೆ ಬಿಗಿಯುತ್ತಿತ್ತು. ಒಂದು ದಿನ ಟೋಪಿಯ ಸಮೇತ ನನ್ನ ಬೆರಳು ಕಚ್ಚಿ ಹಿಡಿಯಿತು. ಗಾಯವಾಗಲಿಲ್ಲ, ಹಲ್ಲಿನ ಗುರುತು ಬಿತ್ತು. ಡಾಕ್ಟರಮ್ಮನಿಗೆ ತೋರಿಸಿದೆ.

"ಮುಗಿಸುವಾಗ ಏನಂತೀರಾ?"

"ಆಯ್ತು ಅಂತೀನಿ. ಒಂದೊಂದು ದಿನ ಬಿಡು ಅಂತೀನಿ."

"ಅದಕ್ಕೆ ಹಳೇದೊಂದು ಮಾತು ಗೊತ್ತಿರಬೇಕಲ್ಲಾ. ಸಾಕು ಅನ್ನಿ. ಎಲ್ರೂ ಅದನ್ನೇ ಅನ್ನೋದು. ಅದು ಸಾಕು ಅನ್ನೋಕ್ಕಿಂತ ಮುಂಚೆ ನೀವೇ ಸಾಕು ಅಂದ್ಬಿಡ್ಬೇಕು, ಅದರಲ್ಲೇ ಇರೋದು ಗುಟ್ಟು."

"ಆ ಮಾತು ನಂಗೆ ಬರಲ್ಲ."

"ಅದೇನು ಇಂಗ್ಲಿಷಾ ಅಮ್ಮಾ, ಬರದೇ ಇರೋಕೆ?"

ನಾನು ಬೆರಳು ಸವರಿಕೊಂಡು ಎದ್ದು ಬಂದೆ. ನಿಜವಾಗಿಯೂ ಬರುವುದಿಲ್ಲ. ಎಂಟು ತಿಂಗಳಿಂದ ಆ ಮಾತನ್ನು ಆಡಿಲ್ಲ. ಹಾಲಿನವಳು ಪಾತ್ರೆಗೆ ಹಾಲು ಹುಯ್ಯುವಾಗ ಕೈ ತೋರಿಸುತ್ತೇನೆ. ಒಂದು ದಿನ ಎರಡು ಕೈಯಲ್ಲೂ ಪಾತ್ರೆ ಹಿಡಿದಿದ್ದೆ. ಹಾಲು ತುಂಬಿ, ಅಂಚು ದಾಟಿ, ನನ್ನ ಕಾಲ ಮೇಲೆ ಸುರಿಯಿತು. "ಏನಮ್ಮಾ, ಬಾಯಿಬಿಟ್ಟು ಹೇಳ್ಬಾರ್ದಾ?" ಎಂದಳು. ಮೇಷ್ಟ್ರು ಆಚೆಯಿಂದ, "ಅವರು ನಾಯಿ ಬಾಯಿ ಬಿಡಿಸೋದ್ರಲ್ಲಿದ್ದಾರೆ ಕಣಮ್ಮಾ. ಅವರ ಬಾಯಿ ಬಿಡಿಸೋಕೆ ಬೇರೆ ಡಾಕ್ಟ್ರು ಬೇಕು" ಎಂದರು. ಕಂಡಕ್ಟರ್ ಬಂದು ಹೊಸ್ತಿಲ ಮೇಲಿನ ಹಾಲು ನೆಕ್ಕಿತು. ಅವತ್ತು ಅದರ ಒಸಡಿಗೆ ಹಬ್ಬ.

ನಾಲ್ಕನೇ ವಾರಕ್ಕೆ ಬ್ರಷ್. ಸಣ್ಣ ಮಕ್ಕಳದ್ದು, ಹಸಿರು ಬಣ್ಣದ್ದು, ಮೇಷ್ಟ್ರೇ ತಂದುಕೊಟ್ಟರು. ಬಾಯಿಗೆ ಹಾಕುವ ಮಾತಿರಲಿ, ನೆಲದ ಮೇಲೆ ಇಟ್ಟು ಅಭ್ಯಾಸ ಮಾಡಿಸೋಣ ಎಂದು ಇಟ್ಟೆ. ನಾನು ಒಲೆ ಆರಿಸಿ ಬರುವಷ್ಟರಲ್ಲಿ ಬ್ರಷ್ ಇಲ್ಲ! ಕಂಡಕ್ಟರ್ ಬಾಗಿಲಲ್ಲಿ ಏನೂ ಅರಿಯದವನ ಹಾಗೆ ಕೂತಿದೆ.

ಮಂಚದ ಕೆಳಗೆ ಟ್ರಂಕಿನ ಹಿಂದೆ ಕೈ ಹಾಕಿದೆ. ಒಂದು ಬ್ರಷ್ ಸಿಕ್ಕಿತು, ಹಸಿರಲ್ಲ. ಇನ್ನೊಂದು ಸಿಕ್ಕಿತು. ಟ್ರಂಕನ್ನೇ ಎಳೆದೆ. ಮಗಳೇ, ಆರು ಬ್ರಷ್ ಇದ್ದವು. ಐದು ನಿಮ್ಮಪ್ಪನವು. ಧೂಳು ಹಿಡಿದು, ಹಿಡಿಯ ತುಂಬ ಹಲ್ಲಿನ ಗುರುತು.

ನೆನಪಿದೆಯಾ, ನಿಮ್ಮಪ್ಪ ಡ್ಯೂಟಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಗೋಡೆಯ ಮೊಳೆಗೆ ಸಿಕ್ಕಿಸಿದ ಬ್ರಷ್ ಕಾಣೆಯಾಗುತ್ತಿದ್ದದ್ದು? "ನನ್ನ ಬ್ರಷ್ ಎಲ್ಲಿ ಬಿಸಾಕ್ದೆ?" "ನಾನ್ಯಾಕೆ ಬಿಸಾಕ್ಲಿ, ನಿಮ್ಮ ಬ್ರಷ್ ಏನು ಬಂಗಾರದ್ದಾ?" ಎಂದು ಎಷ್ಟು ಜಗಳ! ಒಂದು ಸಲ ಮೂರು ದಿನ ಮಾತು ಬಿಟ್ಟಿದ್ದೆವು. ಅವರು ಇನ್ನೇನು ಹೊರಡುತ್ತಾರೆ ಎನ್ನುವಾಗ ಕೊನೆಗೆ ಚೀಲಕ್ಕೆ ಬೀಳುತ್ತಿದ್ದದ್ದು ಬ್ರಷ್. ಅದು ಚೀಲಕ್ಕೆ ಬಿದ್ದರೆ ಎರಡು ದಿನ ಮನುಷ್ಯ ಇಲ್ಲ. ಬ್ರಷ್ ಇಲ್ಲದಿದ್ದರೆ ಹೋಗುವುದಿಲ್ಲ ಎಂದು ಲೆಕ್ಕ ಹಾಕಿತ್ತು ಈ ಪ್ರಾಣಿ. ಹಲ್ಲಿನ ನೋವಿಗೆ ಹೆದರುತ್ತದೆ ಎಂದು ನಾನು ತಿಳಿದಿದ್ದೆ. ಅದು ಹೆದರುತ್ತಿದ್ದದ್ದು ಹೊರಡುವುದಕ್ಕೆ.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಚೀಲ ತುಂಬಿದ್ದು ನಾನು. ಬ್ರಷ್ ತೆಗೆದುಕೊಂಡಾಗ ಅದು ಹಾರಿ ಕಚ್ಚಿ ಹಿಡಿಯಿತು. ಆಂಬುಲೆನ್ಸ್ ಕೆಳಗೆ ನಿಂತಿತ್ತು. ಬೆನ್ನಿಗೆ ಒಂದು ಬಿಟ್ಟು, ಬ್ರಷ್ ಕಿತ್ತುಕೊಂಡು, ಅದನ್ನು ಬಚ್ಚಲಿಗೆ ತಳ್ಳಿ ಚಿಲಕ ಹಾಕಿದೆ. ನಿಮ್ಮಪ್ಪ ಸ್ಟ್ರೆಚರಿನ ಮೇಲಿಂದ ನೋಡುತ್ತಿದ್ದರು.

ಟ್ರಂಕನ್ನು ಮತ್ತೆ ಒಳಗೆ ತಳ್ಳಿ ಒಂದು ಉಪಾಯ ಮಾಡಿದೆ. ನಿಮ್ಮಪ್ಪ ಬಂದ ದಿನ ಏನು ಮಾಡುತ್ತಿದ್ದರು? ಚಪ್ಪಲಿ ಬಿಡುವುದಕ್ಕೂ ಮೊದಲು ಚೀಲದಿಂದ ಬ್ರಷ್ ತೆಗೆದು ಮೊಳೆಗೆ ಸಿಕ್ಕಿಸುತ್ತಿದ್ದರು. "ಗಾಡಿ ಶೆಡ್ಡಿಗೆ ಬಂತು" ಎನ್ನುತ್ತಿದ್ದರು. ಹಾಗಾದರೆ ಇದಕ್ಕೆ ಬ್ರಷ್ ಬರುವುದನ್ನು ತೋರಿಸಬೇಕು ಎಂದುಕೊಂಡೆ.

ಅದಕ್ಕೆ ಚೀಲ ಬೇಕು. ಆಸ್ಪತ್ರೆಯ ಚೀಲ ಕಪಾಟಿನ ಮೇಲೆ ಕಟ್ಟಿದ ಹಾಗೇ ಇತ್ತು. ಇಳಿಸಿದೆ, ಬಿಚ್ಚಿದೆ. ಟವೆಲ್, ಕನ್ನಡಕ, ಅರ್ಧ ಉಳಿದ ಸೋಪು. ಬ್ರಷ್ ತೆಗೆದು, ಕಂಡಕ್ಟರ್ ನೋಡುತ್ತಿರುವಾಗ, ಮೊಳೆಗೆ ಸಿಕ್ಕಿಸಿದೆ.

ಆ ಕ್ಷಣ ಅದು ಎದ್ದು ನಿಂತಿತು. ಬಾಲ ಆಡಿಸಲು ಶುರುಮಾಡಿತು. ಓಡಿಹೋಗಿ ಬಾಗಿಲ ಸಂದಿಗೆ ಮೂಗು ಇಟ್ಟುಕೊಂಡು ಮೆಟ್ಟಿಲಿನ ಸದ್ದಿಗೆ ಕಾದಿತು. ಮಧ್ಯಾಹ್ನ ತಟ್ಟೆ ಇಟ್ಟರೂ ಬರಲಿಲ್ಲ. ಸಾಯಂಕಾಲ ಕತ್ತರಿಯಣ್ಣ ಕೂಗಿದರೂ ತಿರುಗಲಿಲ್ಲ. ಬ್ರಷ್ ಬಂದಿದೆ, ಮನುಷ್ಯ ಹಿಂದೆಯೇ ಬರಬೇಕು. ಅದರ ಲೆಕ್ಕದಲ್ಲಿ ತಪ್ಪೇನಿದೆ? ಎಂಥ ಕೆಲಸ ಮಾಡಿಬಿಟ್ಟೆ ಎಂದು ನನ್ನ ಕೈಗೆ ನಾನೇ ಹೊಡೆದುಕೊಂಡೆ. ದೀಪ ಹಾಕುವ ಹೊತ್ತಿಗೆ ಬಾಲ ನಿಂತಿತು. ಎದ್ದು ಬಂದು, ನನ್ನ ಮೊಣಕಾಲ ಮೇಲಿದ್ದ ಕೋಟಿನ ಮೇಲೆ ಗಲ್ಲ ಇಟ್ಟಿತು. ಗಿರಾಕಿಯ ಕಪ್ಪು ಕೋಟು, ಕೂದಲು ಬೀಳುತ್ತಿತ್ತು. ಬೀಳಲಿ ಎಂದು ಬಿಟ್ಟೆ.

ಮರುದಿನ ಚೀಲದಿಂದ ಹಸಿರು ಬ್ರಷ್ ತೆಗೆದು ಮೊಳೆಗೆ ಹಾಕಿದೆ. ಅದರ ಮರುದಿನವೂ. ದಿನಾ ಬೆಳಿಗ್ಗೆ ಈ ಮನೆಗೆ ಒಂದು ಬ್ರಷ್ ಬರುತ್ತದೆ, ಯಾರೂ ಹೋಗುವುದಿಲ್ಲ. ಐದನೇ ದಿನ ಬಾಗಿಲಿಗೆ ಓಡಲಿಲ್ಲ. ಆರನೇ ದಿನ ಬ್ರಷ್ಷಿಗೆ ಹಚ್ಚಿದ ಕೋಳಿ ವಾಸನೆಯ ಪೇಸ್ಟನ್ನು ನೆಕ್ಕಿತು. ಒಂಬತ್ತನೇ ದಿನ ಎಡಗಡೆಯ ಹಲ್ಲುಗಳ ಮೇಲೆ ಬ್ರಷ್ ಆಡಿಸಿದೆ, ಸುಮ್ಮನಿತ್ತು.

ಮೊನ್ನೆ ಶುಕ್ರವಾರ ಮೊದಲ ಸಲ ಎರಡೂ ಕಡೆ, ಹಿಂದಿನ ದವಡೆಯವರೆಗೆ ಉಜ್ಜಿದೆ. ಅದು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. "ಆಯ್ತು" ಎಂದೆ. ಮುಚ್ಚಲಿಲ್ಲ. "ಬಿಡು, ಹೋಗು" ಎಂದೆ. ಇಲ್ಲ. ಜೊಲ್ಲು ಇಳಿಯುತ್ತಿತ್ತು, ದವಡೆ ನಡುಗುತ್ತಿತ್ತು. ಪಾಪ, ಎಷ್ಟು ಹೊತ್ತು ಹಾಗಿದ್ದೀತು? ಕಣ್ಣು ಮುಚ್ಚಿಕೊಂಡು ಹೇಳಿದೆ.

"ಸಾಕು."

ಕಣ್ಣು ಬಿಟ್ಟರೆ ಅದು ಅಲ್ಲೇ ಇದೆ. ಬಾಯಿ ತೆರೆದೇ ಇದೆ. ಕಿವಿ ಮಾತ್ರ ಮುಂದಕ್ಕೆ ಬಂದಿದೆ, ಇನ್ನೂ ಏನೋ ಬರಬೇಕು ಎನ್ನುವ ಹಾಗೆ.

ಆಗ ಹೊಳೆಯಿತು. ನಿಮ್ಮಪ್ಪನ ಬಾಯಲ್ಲಿ ಎಲ್ಲವೂ ಡಬಲ್ ಬೆಲ್ ಎಂದು ನೀನು ನಗುತ್ತಿದ್ದೆಯಲ್ಲ. ಬಸ್ಸಿನಲ್ಲಿ ಒಂದು ಬೆಲ್ ಎಂದರೆ ನಿಲ್ಲಿಸು, ಎರಡು ಬೆಲ್ ಎಂದರೆ ಹೊರಡು. ಅದೇ ರೂಢಿ ಮನೆಗೂ ಬಂದಿತ್ತು. ಬಾ ಬಾ. ಹೋಗೋಣ ಹೋಗೋಣ. ನಾನು ಬಡಿಸುವಾಗ ತಟ್ಟೆಗೆ ಅಂಗೈ ಅಡ್ಡ ಹಿಡಿದು, ಸಾಕು ಸಾಕು. ನಾಯಿಗೆ ರಸ್ಕು ಕೊಟ್ಟು ಮುಗಿದ ಮೇಲೂ ಸಾಕು ಸಾಕು.

ಇನ್ನೊಂದು ಸಲ "ಸಾಕು" ಎಂದೆ. ತಟಕ್ಕನೆ ಬಾಯಿ ಮುಚ್ಚಿತು, ಕಿವಿ ಒದರಿತು, ಎದ್ದು ಬಾಗಿಲಿಗೆ ಹೋಗಿ ತನ್ನ ಜಾಗದಲ್ಲಿ ಕೂತಿತು. ನಾನು ಬ್ರಷ್ ಹಿಡಿದುಕೊಂಡು ನೆಲದ ಮೇಲೆಯೇ ಉಳಿದೆ. ಕತ್ತರಿಯಣ್ಣ ಕೆಳಗಿನಿಂದ ಕೂಗಿ ಕೂಗಿ, ಕೊನೆಗೆ ಮೂರು ಮಹಡಿ ಹತ್ತಿ ಬಂದು ಬಾಗಿಲು ಬಡಿದ. "ಏನಾಯ್ತಕ್ಕಾ?" "ಏನಿಲ್ಲ, ಕಾಲು ಜೋಮು ಹಿಡೀತು" ಎಂದೆ.

ಈಗ ಕೈ ನೋಯುತ್ತಿದೆ. ನಾಳೆ ಡಾಕ್ಟರಮ್ಮನ ಬಳಿ ಹೋಗಿ ಬಂದು ಮುಂದುವರಿಸುತ್ತೇನೆ.

ಸೋಮವಾರ

ಹೋಗಿ ಬಂದೆವು. ಡಾಕ್ಟರಮ್ಮ ತುಟಿ ಎತ್ತಿ, ಟಾರ್ಚು ಬಿಟ್ಟು, ಬೆರಳಲ್ಲಿ ಒತ್ತಿ ನೋಡಿದಳು. ರಕ್ತ ಬರಲಿಲ್ಲ. "ಹಲ್ಲು ಕೀಳೋದು ಬೇಡ. ಹೀಗೇ ಉಜ್ಜಿದ್ರೆ ಇನ್ನೂ ನಾಲ್ಕೈದು ವರ್ಷ ಟಿಕೆಟ್ ಹರೀತಾನೆ ನಿಮ್ಮ ಕಂಡಕ್ಟರ್" ಎಂದಳು. ಅದು ಅವಳ ಕೈ ನೆಕ್ಕಿತು. ನನಗೆ ಸಂತೋಷವಾಯಿತು. ಮನೆಗೆ ಬಂದು ಚಿಲಕ ಹಾಕಿದ ಮೇಲೆ ನಾಲ್ಕೈದು ವರ್ಷ ಎಂದರೆ ಎಷ್ಟು ಎಂದು ಕೂಡ ಹೊಳೆಯಿತು. ಒಂಬತ್ತು, ಐದು, ಹದಿಮೂರು ಹೆಜ್ಜೆ, ನಾಲ್ಕೈದು ವರ್ಷ.

ಹಾಗಾಗಿ ನಿನ್ನ ಮೊದಲ ಪ್ರಶ್ನೆಗೆ ಉತ್ತರ: ಅಳಿಯಂದಿರಿಗೆ ಕಾರು ತರಬೇಡಿ ಎಂದು ಹೇಳು. ಗೋದಾಮಿನವರಿಗೂ ಬೇಡ ಎಂದು ಹೇಳು, ಅವರ ಒಳ್ಳೆಯ ಮನಸ್ಸಿಗೆ ನನ್ನ ನಮಸ್ಕಾರ. ಅಲ್ಲಿ ಇದರ ಹಲ್ಲುಜ್ಜುವವರು ಯಾರು? ಎರಡು ಸಲ ಹೇಳಬೇಕೆಂದು ಯಾರಿಗೆ ಗೊತ್ತಿದೆ? ಸಿಟ್ಟಾಗಬೇಡ. ಪುಟ್ಟಿಯನ್ನು ಅವಳಪ್ಪನ ಹತ್ತಿರ ಬಿಟ್ಟು ನೀನೊಬ್ಬಳೇ ಬಸ್ಸು ಹತ್ತಿ ಎರಡು ದಿನದ ಮಟ್ಟಿಗೆ ಬಾ. ಬರುವಾಗ ಬ್ರಷ್ ಮರೆಯದೆ ತಾ. ಬಂದ ಕೂಡಲೇ ಚೀಲದಿಂದ ತೆಗೆದು ಮೊಳೆಗೆ ಸಿಕ್ಕಿಸು, ಇಲ್ಲದಿದ್ದರೆ ಕಂಡಕ್ಟರ್ ಒಪ್ಪುವುದಿಲ್ಲ.

ಮೂವರೂ ತಣ್ಣಗಿರಿ. ಪುಟ್ಟಿಯ ಉಸಿರು ಹಗುರಾಗಲಿ. ಅವಳ ಹಲ್ಲನ್ನು ನೀನೇ ನಿಂತು ಉಜ್ಜಿಸು, ಬೈಯಬೇಡ. ಮಕ್ಕಳಿಗೂ ಯಾವಾಗ ಮುಗಿಯುತ್ತದೆಂದು ಗೊತ್ತಾಗದಿದ್ದರೆ ಹೆದರಿಕೆಯೇ.

ನಿನ್ನನ್ನು ದಿನಾ ನೆನೆಯುವ,
ಅಮ್ಮ

ತಾ.ಕ. ನಿನ್ನ ಎರಡನೆಯ ಪ್ರಶ್ನೆ. "ಅಪ್ಪ ಕೊನೆಗೆ ಏನಾದರೂ ಅಂದರಾ?" ಏನೂ ಅನ್ನಲಿಲ್ಲ ಎಂದು ಆಸ್ಪತ್ರೆಯಲ್ಲಿ ನಿನ್ನ ಕೈ ಹಿಡಿದು ಹೇಳಿದ್ದೆ. ಸುಳ್ಳು ಹೇಳಿದೆ. ಒಂದು ಮಾತು ಅಂದರು.

ಅವತ್ತು ಬೆಳಿಗ್ಗೆ ಡಾಕ್ಟರು, ಗಂಟಲಿಗೆ ಕೊಳವೆ ಇಳಿಸಿ ದೊಡ್ಡ ಮಿಷನ್ನಿಗೆ ಜೋಡಿಸಬಹುದು, ಇಲ್ಲವೇ ಇನ್ನು ಹಿಂಸೆ ಕೊಡದೆ ಬಿಡಬಹುದು, ಮನೆಯವರು ಹೇಳಿದ ಹಾಗೆ ಎಂದಿದ್ದರು. ನೀನು ದಾರಿಯಲ್ಲಿದ್ದೆ. ನಾನು ಬಗ್ಗಿ, "ರೀ, ನಾನೇನು ಮಾಡ್ಲಿ?" ಎಂದು ಕೇಳಿದೆ. ಮೂಗಿನ ಮೇಲಿನ ಮುಚ್ಚಳದೊಳಗಿಂದ "ಸಾಕು" ಎಂದರು. ಡಾಕ್ಟರು ನನ್ನ ಮುಖ ನೋಡಿದರು. "ಸಾಕು ಅಂತಿದ್ದಾರೆ" ಎಂದೆ. ಕಾಗದ ತಂದರು, ರುಜು ಹಾಕಿದೆ. ನಾಲ್ಕು ಗಂಟೆಗೆ ಎಲ್ಲ ಮುಗಿಯಿತು. ನೀನು ಏಳಕ್ಕೆ ಬಂದೆ.

ನಲವತ್ತು ವರ್ಷ ಬೇಡ ಎನ್ನಲು ಎರಡು ಸಲ ಹೇಳಿದ ಮನುಷ್ಯ ಅವತ್ತು ಒಂದೇ ಸಲ ಹೇಳಿದರು. ಅದು ನನಗೆ ಹೊಳೆದದ್ದು ಮೊನ್ನೆ ಶುಕ್ರವಾರ, ನಾಯಿ ಬಾಯಿ ತೆರೆದುಕೊಂಡು ಕಾದಾಗ. ಅಂಗೈಯನ್ನೂ ಅಡ್ಡ ಹಿಡಿದಿರಲಿಲ್ಲ. ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು, ಬೆರಳುಗಳು ಗಾಳಿಯಲ್ಲಿ ಏನನ್ನೋ ಕೆರೆಯುತ್ತಿದ್ದವು, ಕಂಡಕ್ಟರನ ತಲೆ ಬರುವ ಎತ್ತರದಲ್ಲಿ. ಸಾಕ್ತೀಯಾ, ಸಾಕ್ತೀಯಾ ಎಂದು ಅಷ್ಟು ಸಲ ಕೇಳಿ ಉತ್ತರ ಸಿಗದವರು, ನಾನೇನು ಮಾಡಲಿ ಎಂದಾಗ "ಸಾಕು" ಎಂದಿರಬೇಕು. ನನ್ನ ನಾಯಿಯನ್ನು ಸಾಕು ಎಂದವರ ಉಸಿರಿಗೆ ನಾನು ರುಜು ಹಾಕಿಬಿಟ್ಟೆನೋ ಏನೋ. ಹಾಗೆಂದು ಅವತ್ತೇ ತಿಳಿದಿದ್ದರೆ ಮಿಷನ್ನಿಗೆ ಜೋಡಿಸಿ ನಿನಗಾಗಿ ಅವರನ್ನು ಇನ್ನೂ ಮೂರು ಗಂಟೆ ಕಾಯಿಸುತ್ತಿದ್ದೆ. ಒಂದು ಬೆಲ್ ಎಂದರೆ ನಿಲ್ಲಿಸು ಎಂದೂ ಅಲ್ಲವೇ ಎಂದು ಒಂದು ಗಳಿಗೆ ಸಮಾಧಾನ ಮಾಡಿಕೊಳ್ಳುತ್ತೇನೆ, ಮರುಗಳಿಗೆ ಆ ಬೆರಳು ನೆನಪಾಗುತ್ತದೆ. ಯಾವುದು ನಿಜ ಎಂದು ಹೇಳುವವರು ಇಲ್ಲ.

ದಿನಾ ಬೆಳಿಗ್ಗೆ ನಾಯಿಗೆ ಎರಡು ಸಲ ಹೇಳಿ ಬಿಟ್ಟುಬಿಡುತ್ತೇನೆ. ನಿಮ್ಮಪ್ಪ ನನಗೆ ಒಂದೇ ಸಲ ಹೇಳಿ ಹೋದರು. ನೀನು ಬಂದಾಗ ಬೈಯಬೇಕೆನಿಸಿದಷ್ಟು ಬೈ, ಒಂದು ದಿನವಲ್ಲದಿದ್ದರೆ ಎರಡು ದಿನ ಬೈ, ನಾನು ಬಾಯಿ ತೆರೆಯುವುದಿಲ್ಲ. ಎಲ್ಲ ಮುಗಿದ ಮೇಲೆ, ನಿನ್ನಿಂದ ಆಗುವುದಾದರೆ, ಆ ಮಾತನ್ನು ನನಗೆ ಎರಡು ಸಲ ಹೇಳು.